ಕಾಸರಗೋಡಿನಲ್ಲಿ ಹಳೆ ಚಿನ್ನ ಕೊಟ್ಟು ಆಚಾರಿಯವರ ಹತ್ತಿರ ಕರಿಮಣಿ ಸರ ಮಾಡಿಸುವಾಗ ಏನು ನೋಡಿಕೊಳ್ಳಬೇಕು?

ಧಾರಾಳವಾಗಿ ಮಾಡಿಸಿ. ಅಂಗಡಿಯ ಗಾಜಿನೊಳಗೆ ಸಿಗದ ಹಳೆ ಮಾದರಿ ಬೇಕಿದ್ದರೆ ಆಚಾರಿಯವರೇ ಸರಿ. ಜಗಳ ಬರುವುದು ತೂಕದಲ್ಲಿ, ಹಾಗಾಗಿ ಅದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಿ.

ಹಳೆ ಸರದಲ್ಲಿ ಬೆಸುಗೆ ಇರುತ್ತದೆ, ಕೊಂಡಿಗಳ ಸಂದಿಯಲ್ಲಿ ಕೊಳೆಯೂ ಇರುತ್ತದೆ. ಕರಗಿಸಿದ ಮೇಲೆ ತೂಕ ಸ್ವಲ್ಪ ಇಳಿಯುವುದು ಸಹಜ. ನಿಮ್ಮೆದುರೇ ಕರಗಿಸಲಿ. ಆ ಗಟ್ಟಿಯನ್ನು ತೂಗಿಸಿ, ಶುದ್ಧತೆ ಪರೀಕ್ಷಿಸಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಲೆಕ್ಕ ಶುರುವಾಗಬೇಕಾದ್ದು ಅಲ್ಲಿಂದ.

24 ಕ್ಯಾರೆಟ್ ನಾಣ್ಯ ಕೊಡುವುದಾದರೆ ಲೆಕ್ಕ ಉಲ್ಟಾ. 22 ಕ್ಯಾರೆಟ್ ಅಂದರೆ ಸಾವಿರಕ್ಕೆ 916 ಪಾಲು ಚಿನ್ನ. ಒಂದು ಪವನು, ಅಂದರೆ 8 ಗ್ರಾಂ ನಾಣ್ಯಕ್ಕೆ ತಾಮ್ರ, ಬೆಳ್ಳಿ ಸೇರಿ ಸುಮಾರು 8.7 ಗ್ರಾಂ ಆಗುತ್ತದೆ. "ಕೊಟ್ಟಷ್ಟೇ ತೂಕ ವಾಪಸ್ ಬಂತಲ್ಲ" ಅಂತ ಖುಷಿಪಡುವವರು ಜಾಸ್ತಿ, ಆದರೆ ಅಲ್ಲಿ ಚಿನ್ನ ಕಮ್ಮಿಯೇ ಬಂದಿರುತ್ತದೆ!

ಮಜೂರಿ, ವೇಸ್ಟೇಜ್ (ಕೆಲಸದಲ್ಲಿ ಸವೆದುಹೋಗುವ ಚಿನ್ನದ ಲೆಕ್ಕ) ಎರಡನ್ನೂ ಬೇರೆ ಬೇರೆ ಕೇಳಿ. ಕರಿಮಣಿಯ ತೂಕ ಚಿನ್ನದ ಲೆಕ್ಕಕ್ಕೆ ಸೇರಬಾರದು. ಪೋಣಿಸುವ ಮೊದಲು ಚಿನ್ನವನ್ನಷ್ಟೇ ತೂಗಿಸಿದರೆ ಆಯ್ತು. ಉದ್ದಕ್ಕೆ ಒಂದು ನೂಲು ಅಳತೆ ಕೊಡಿ, ಫೋಟೋ ನೋಡಿ ಉದ್ದ ಗೊತ್ತಾಗುವುದಿಲ್ಲ ಅಲ್ವಾ?

ಹಾಲ್‌ಮಾರ್ಕ್ ಹಾಕಿಸಲು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಇರುವವರಿಗೆ ಮಾತ್ರ ಆಗುತ್ತದೆ. ಇಲ್ಲದವರಾದರೆ, ಸಿದ್ಧವಾದ ಒಡವೆಯನ್ನು ನೀವೇ ಹಾಲ್‌ಮಾರ್ಕಿಂಗ್ ಕೇಂದ್ರಕ್ಕೆ ಒಯ್ದು ಶುಲ್ಕ ಕಟ್ಟಿ ಪರೀಕ್ಷಿಸಬಹುದು. ಮದುವೆ ಗೌಜಿಯ ತಿಂಗಳಲ್ಲಿ ಮಾತ್ರ ಅವಸರದ ಕೆಲಸ ಕೊಡಬೇಡಿ.