ಕೈಗಾಕ್ಕೆ ಹೊರದೇಶದ ಯುರೇನಿಯಂ ಏಕೆ ಬರುವುದಿಲ್ಲ?

ಪ್ರಶ್ನೆ: ನಮ್ಮ ಊರು ಕಾರವಾರ ತಾಲ್ಲೂಕಿನಲ್ಲಿದೆ, ಕೈಗಾ ಸ್ಥಾವರದಿಂದ ಬಹಳ ದೂರವೇನಿಲ್ಲ. ಅಮೆರಿಕದ ಜೊತೆಗಿನ ಅಣು ಒಪ್ಪಂದಕ್ಕಾಗಿ 2008ರಲ್ಲಿ ಕೇಂದ್ರ ಸರ್ಕಾರವೇ ಬೀಳುವ ಹಂತ ತಲುಪಿದ್ದು ನೆನಪಿದೆ. ಸ್ವಂತ ರಿಯಾಕ್ಟರ್ ಕಟ್ಟಬಲ್ಲ ದೇಶಕ್ಕೆ ಆ ಒಪ್ಪಂದ ಏಕೆ ಬೇಕಾಯಿತು? ಅದರಿಂದ ಕೈಗಾಕ್ಕೆ ಏನಾದರೂ ಸಿಕ್ಕಿತೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಆ ಒಪ್ಪಂದದ ನಂತರ ಹೊರದೇಶಗಳಿಂದ ಬರಲಾರಂಭಿಸಿದ ಯುರೇನಿಯಂನಲ್ಲಿ ಒಂದು ಹಿಡಿಯನ್ನೂ ಕೈಗಾದ ನಾಲ್ಕು ಘಟಕಗಳಿಗೆ ಹಾಕುವಂತಿಲ್ಲ. ಆಗ ನಡೆಯುತ್ತಿದ್ದ ಹಾಗೂ ನಿರ್ಮಾಣದಲ್ಲಿದ್ದ 22 ರಿಯಾಕ್ಟರ್‌ಗಳನ್ನು ಭಾರತ 2006ರಲ್ಲಿ ಎರಡು ಪಾಲು ಮಾಡಿ, 14ನ್ನು, ಅಣು ಇಂಧನ ಬಾಂಬಿಗೆ ಹೋಗದಂತೆ ಕಾಯುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಗೆ ಒಳಪಡಿಸಲು ಒಪ್ಪಿ, ಉಳಿದ ಎಂಟನ್ನು ಅದರ ಕಣ್ಣಿಂದ ಹೊರಗಿರಿಸಿತು. ಕೈಗಾದ ನಾಲ್ಕು, ತಾರಾಪುರದ 3 ಮತ್ತು 4ನೇ ಘಟಕಗಳು, ಕಲ್ಪಾಕ್ಕಂನ ಎರಡು ಘಟಕಗಳು ಆ ಎಂಟರಲ್ಲಿ ಸೇರಿವೆ. ತಪಾಸಣೆಗೆ ಒಳಪಟ್ಟ ರಿಯಾಕ್ಟರ್‌ಗಳಿಗೆ ಮಾತ್ರ ಆಮದು ಇಂಧನ ಎಂಬುದು ಷರತ್ತು. ಹಾಗಾಗಿ ನಿಮ್ಮ ನೆರೆಯ ಸ್ಥಾವರ ಉರಿಸುವುದು ಈ ನೆಲದಲ್ಲೇ ಅಗೆದ ಯುರೇನಿಯಂ.

ಈ ಗೆರೆ ಎಳೆಯಬೇಕಾಗಿ ಬಂದದ್ದು ಏಕೆಂದು ತಿಳಿಯಲು ಕೈಗಾದ ಇಂಧನವನ್ನು ಹತ್ತಿರದಿಂದ ನೋಡಬೇಕು. ಹೈದರಾಬಾದಿನಲ್ಲಿ ತಯಾರಾಗುವ ಒಂದು ಇಂಧನ ಕಟ್ಟು ಅರ್ಧ ಮೀಟರ್ ಉದ್ದದ, 19 ತೆಳು ಕೊಳವೆಗಳನ್ನು ಕೂಡಿಸಿದ, ಎರಡೂ ಕೈಯಲ್ಲಿ ಎತ್ತಬಹುದಾದ ಸಿಲಿಂಡರು. 220 ಮೆಗಾವಾಟ್‌ನ ಒಂದು ರಿಯಾಕ್ಟರ್‌ನಲ್ಲಿ ಅಡ್ಡಲಾಗಿ ಮಲಗಿಸಿದ 306 ನಾಳಗಳಿದ್ದು, ಪ್ರತಿ ನಾಳದಲ್ಲಿ ಇಂಥ 12 ಕಟ್ಟುಗಳು ಸಾಲಾಗಿ ಕೂರುತ್ತವೆ. ನಾಳದ ಎರಡು ತುದಿಗೂ ಯಂತ್ರಗಳು ಬಂದು ಕಚ್ಚಿಕೊಂಡು, ಒಂದು ಕಡೆಯಿಂದ ಹೊಸ ಕಟ್ಟನ್ನು ತಳ್ಳಿದರೆ ಇನ್ನೊಂದು ಕಡೆಯಿಂದ ಬಳಸಿದ ಕಟ್ಟು ಹೊರಬರುತ್ತದೆ. ಇಷ್ಟೂ ನಡೆಯುವಾಗ ರಿಯಾಕ್ಟರನ್ನು ನಿಲ್ಲಿಸಬೇಕಾಗಿಲ್ಲ. ಕೈಗಾದ 1ನೇ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ವಿಶ್ವದಾಖಲೆ ಮಾಡಲು ಸಾಧ್ಯವಾದದ್ದು ಈ ಏರ್ಪಾಡಿನಿಂದ.

ಆದರೆ ಅಣ್ವಸ್ತ್ರ ಹರಡುವುದನ್ನು ಕಾಯುವವರಿಗೆ ನಿದ್ದೆಗೆಡಿಸುವುದೂ ಇದೇ ಏರ್ಪಾಡು. ಕಟ್ಟನ್ನು ಪೂರ್ತಿ ಉರಿಯಲು ಬಿಡದೆ ಬೇಗನೆ ಹೊರತೆಗೆದರೆ ಅದರಲ್ಲಿ ಸಿಗುವ ಪ್ಲುಟೋನಿಯಂ ಬಾಂಬಿಗೆ ಹೆಚ್ಚು ಅನುಕೂಲವಾದದ್ದು. ರಿಯಾಕ್ಟರ್ ನಿಲ್ಲಿಸುವ ಅಗತ್ಯವೇ ಇಲ್ಲದಿರುವುದರಿಂದ ಹೊರಗಿನವರಿಗೆ ಸುಳಿವೂ ಸಿಗದು. ಭಾರತದ ವಿಷಯದಲ್ಲಿ ಈ ಅನುಮಾನಕ್ಕೆ ಒಂದು ಹಳೆಯ ಕಾರಣವೂ ಇತ್ತು. ಶಾಂತಿಯುತ ಬಳಕೆಗೆಂದು ಕೆನಡಾ ಕೊಟ್ಟ, ಅಮೆರಿಕದ ಭಾರಜಲ (ಭಾರವಾದ ಹೈಡ್ರೋಜನ್ ಇರುವ ನೀರು) ತುಂಬಿಸಿಕೊಂಡ ಟ್ರಾಂಬೆಯ ಸೈರಸ್ ಸಂಶೋಧನಾ ರಿಯಾಕ್ಟರ್‌ನ ಪ್ಲುಟೋನಿಯಂ ಬಳಸಿ ನಾವು 1974ರ ಮೇ 18ರಂದು ಪೋಖ್ರಾನಿನಲ್ಲಿ ಸ್ಫೋಟ ನಡೆಸಿದೆವು. ಅದನ್ನು ‘ಶಾಂತಿಯುತ ಸ್ಫೋಟ’ ಎಂದು ಕರೆದೆವು, ಕೆನಡಾ ನಂಬಲಿಲ್ಲ. ರಾಜಸ್ಥಾನದ ರಾವತ್‌ಭಾಟಾದಲ್ಲಿ ಅದರ ನೆರವಿನ ಎರಡನೆಯ ರಿಯಾಕ್ಟರ್ ಅರ್ಧಕ್ಕೆ ನಿಂತಿದ್ದಾಗಲೇ ಅದು ಕೈತೊಳೆದುಕೊಂಡು ಹೊರಟಿತು, ನಮ್ಮ ಎಂಜಿನಿಯರ್‌ಗಳು ಅದನ್ನು ಮುಗಿಸುವಷ್ಟರಲ್ಲಿ 1981 ಬಂದಿತ್ತು. ಕೈಗಾದ ರಿಯಾಕ್ಟರ್‌ಗಳು ಆ ವಿನ್ಯಾಸದ ವಂಶದವೇ.

ತಾರಾಪುರದ ಕಥೆ ಇನ್ನೂ ಕಹಿಯಾದದ್ದು. 1969ರಲ್ಲಿ ಚಾಲನೆಗೊಂಡ ಅಲ್ಲಿಯ ಮೊದಲ ಎರಡು ಘಟಕಗಳು ಅಮೆರಿಕದಲ್ಲಿ ತಯಾರಾದವು. ಅವಕ್ಕೆ ಬೇಕಾದ ಸಂವರ್ಧಿತ (ಉರಿಯುವ ಅಂಶವನ್ನು ಹೆಚ್ಚಿಸಿದ) ಯುರೇನಿಯಂ ಅನ್ನು 30 ವರ್ಷ ಒದಗಿಸುವುದಾಗಿ 1963ರ ಒಪ್ಪಂದದಲ್ಲಿ ಅಮೆರಿಕ ಮಾತು ಕೊಟ್ಟಿತ್ತು. ಆದರೆ ಎಲ್ಲ ಸ್ಥಾವರಗಳನ್ನೂ ತಪಾಸಣೆಗೆ ತೆರೆಯದ ದೇಶಕ್ಕೆ ಇಂಧನವಿಲ್ಲ ಎಂಬ ಕಾನೂನನ್ನು ಅದರ ಸಂಸತ್ತು 1978ರಲ್ಲಿ ಮಾಡಿತು; ಹಿಂದೆ ಕೊಟ್ಟ ಮಾತು ಹೊಸ ಕಾನೂನಿನೆದುರು ನಿಲ್ಲಲಿಲ್ಲ. ಆಮೇಲೆ ಆ ಎರಡು ಘಟಕಗಳಿಗೆ 1982ರ ಏರ್ಪಾಡಿನಂತೆ ಫ್ರಾನ್ಸ್, 1995ರಲ್ಲಿ ಚೀನಾ, 2001ರಲ್ಲಿ ರಷ್ಯಾ ಇಂಧನ ಕೊಟ್ಟವು. ಚೀನಾದ ಯುರೇನಿಯಂನಿಂದ ಮುಂಬೈ ಸೀಮೆಯ ದೀಪ ಉರಿದಿತ್ತು ಎಂಬುದನ್ನು ಇಂದಿನ ಟಿ.ವಿ. ಚರ್ಚೆಗಳಲ್ಲಿ ಯಾರೂ ನೆನಪಿಸಿಕೊಳ್ಳುವುದಿಲ್ಲ. ಸ್ಥಾವರ ನಮ್ಮ ನೆಲದಲ್ಲಿದ್ದರೂ ಇಂಧನದ ನಲ್ಲಿ ಬೇರೆಯವರ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದನ್ನು ಅಣುಶಕ್ತಿ ಇಲಾಖೆ ಕಲಿತದ್ದು ಇಲ್ಲಿ. ಸಂವರ್ಧನೆಯ ಗೊಡವೆಯಿಲ್ಲದೆ ನೈಸರ್ಗಿಕ ಯುರೇನಿಯಂನಲ್ಲೇ ನಡೆಯುವ ಭಾರಜಲ ರಿಯಾಕ್ಟರ್‌ಗಳಿಗೆ ಅದು ಬಲವಾಗಿ ಅಂಟಿಕೊಳ್ಳಲು ಇದೂ ಒಂದು ಕಾರಣ.

ಸ್ವಾವಲಂಬನೆಗೂ ಬೆಲೆ ತೆರಬೇಕಾಯಿತು. ನಮ್ಮ ಅದಿರು ಬಡವು: ಜಾರ್ಖಂಡಿನ ಜಾದೂಗುಡದಲ್ಲಿ ಒಂದು ಟನ್ ಅದಿರು ಅಗೆದರೆ ಒಂದು ಕಿಲೋ ಯುರೇನಿಯಂ ಕೂಡ ಸಿಗುವುದಿಲ್ಲ. ಹೊಸ ಗಣಿಗಳು ತಡವಾದವು, ರಿಯಾಕ್ಟರ್‌ಗಳು ಹೆಚ್ಚಿದವು. 2008ರ ಸುಮಾರಿಗೆ ದೇಶದ ಅಣು ಸ್ಥಾವರಗಳು ಸಾಮರ್ಥ್ಯದ ಅರ್ಧದಷ್ಟರಲ್ಲಿ ಕುಂಟುತ್ತಿದ್ದವು. ಕೈಗಾದ 4ನೇ ಘಟಕ ಇಂಧನಕ್ಕಾಗಿ ಕಾದು, ವಾಣಿಜ್ಯ ಉತ್ಪಾದನೆಗೆ ಬಂದದ್ದು 2011ರ ಜನವರಿಯಲ್ಲಿ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದೇ: ರಿಯಾಕ್ಟರ್ ಕಟ್ಟಲು ಬರುತ್ತಿತ್ತು, ಒಲೆಗೆ ಸೌದೆ ಇರಲಿಲ್ಲ.

ಎಡಪಕ್ಷಗಳು ಬೆಂಬಲ ಹಿಂತೆಗೆದುಕೊಂಡಾಗ 2008ರ ಜುಲೈ 22ರಂದು ಮನಮೋಹನ್ ಸಿಂಗ್ ಸರ್ಕಾರ 275–256 ಮತಗಳಿಂದ ಉಳಿಯಿತು. ಅಂದು ಲೋಕಸಭೆಯಲ್ಲಿ ನೋಟಿನ ಕಂತೆ ಹಿಡಿದು ತೋರಿಸಿದ ದೃಶ್ಯ ಹಲವರಿಗೆ ನೆನಪಿರಬಹುದು. ಸೆಪ್ಟೆಂಬರ್ 6ರಂದು ವಿಯೆನ್ನಾದಲ್ಲಿ ಪರಮಾಣು ಪೂರೈಕೆದಾರರ ಗುಂಪು, ಅಂದರೆ ಅಣು ಇಂಧನ ಮತ್ತು ಉಪಕರಣಗಳ ರಫ್ತಿಗೆ ನಿಯಮ ಹಾಕುವ ದೇಶಗಳ ಕೂಟ, ಆ ನಿಯಮಗಳಿಂದ ಭಾರತಕ್ಕೆ ವಿನಾಯಿತಿ ನೀಡಿತು. ಆಗ ಒಪ್ಪಂದದ ಪರ ಮತ್ತು ವಿರೋಧದ ಎರಡೂ ಕಡೆಯವರು ಸಾರ್ವಭೌಮತ್ವದ ಬಗ್ಗೆ ಗಂಟಲು ಹರಿದುಕೊಂಡರು, ಆದರೆ ಹಿಂತಿರುಗಿ ನೋಡಿದರೆ ಒಪ್ಪಂದದ ನಿಜವಾದ ಫಲ ಯುರೇನಿಯಂ ಎಂದೇ ನನ್ನ ಅಭಿಪ್ರಾಯ. ಕಜಕಿಸ್ತಾನ, ರಷ್ಯಾ, ಕೊನೆಗೆ 2015ರಿಂದ ಅದೇ ಕೆನಡಾ ಕೂಡ ಇಂಧನ ಕಳಿಸಿದವು. ತಪಾಸಣೆಗೆ ಒಳಪಟ್ಟ ಸ್ಥಾವರಗಳು ಆಮದು ಇಂಧನಕ್ಕೆ ಹೊರಳಿದ್ದರಿಂದ ದೇಶಿ ಯುರೇನಿಯಂ ಮೇಲಿನ ಒತ್ತಡ ಇಳಿಯಿತು. ಕೈಗಾಕ್ಕೆ ಸಿಕ್ಕ ಲಾಭ ಈ ಸುತ್ತುಬಳಸಿನ ದಾರಿಯದು.

ಪ್ರಶ್ನೆ: ಶಹಾಪುರ ತಾಲ್ಲೂಕಿನ ಗೋಗಿಯಲ್ಲೇ ಯುರೇನಿಯಂ ಇದೆಯಲ್ಲ, ಅದನ್ನೇ ತೆಗೆಯಬಾರದೇ?

ಉತ್ತರ: ಯಾದಗಿರಿ ಜಿಲ್ಲೆಯ ಗೋಗಿಯ ನಿಕ್ಷೇಪ ಗಾತ್ರದಲ್ಲಿ ಚಿಕ್ಕದು, ಆದರೆ ಅದಿರಿನ ಗುಣಮಟ್ಟ ಜಾದೂಗುಡಕ್ಕಿಂತ ಮೇಲು. ಅಲ್ಲಿ ಪರಿಶೋಧನೆ ನಡೆದಿದೆ; ಅಂತರ್ಜಲ ಕೆಡುವ ಭಯದಿಂದ ಊರಿನವರು ವಿರೋಧಿಸಿದ್ದಾರೆ. ಈ ವಿರೋಧವನ್ನು ಅಜ್ಞಾನವೆಂದು ತಳ್ಳಿಹಾಕುವುದು ನನಗೆ ಒಪ್ಪಿತವಲ್ಲ. ಕೈಗಾ ಯೋಜನೆಯನ್ನು ವಿರೋಧಿಸಿದ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೂ ಸ್ಪರ್ಧಿಸಿ ಸೋತರು. ಆದರೆ ನಿರ್ಮಾಣದಲ್ಲಿದ್ದ 1ನೇ ಘಟಕದ ಒಳಗುಮ್ಮಟದ ಕಾಂಕ್ರೀಟು 1994ರ ಮೇ ತಿಂಗಳಲ್ಲಿ ಕಳಚಿ ಬಿದ್ದಾಗ, ಸುರಕ್ಷತೆಯ ಬಗೆಗಿನ ಆತಂಕ ಬರೀ ಭಾವುಕತೆಯಲ್ಲವೆಂದು ಇಲಾಖೆಯೂ ಒಪ್ಪಬೇಕಾಯಿತು, ಗುಮ್ಮಟದ ವಿನ್ಯಾಸವನ್ನೂ ಬದಲಿಸಬೇಕಾಯಿತು.

ಪ್ರಶ್ನೆ: ಖಾಸಗಿ ಕಂಪನಿಗಳು ಈ ಕ್ಷೇತ್ರಕ್ಕೆ ಬರುವುದಾದರೆ ಅಪಘಾತದ ಹೊಣೆ ಯಾರದು?

ಉತ್ತರ: 2010ರ ಹೊಣೆಗಾರಿಕೆ ಕಾಯ್ದೆಯಂತೆ ಮೊದಲ ಹೊಣೆ ಸ್ಥಾವರ ನಡೆಸುವವರದ್ದಾಗಿತ್ತು, 1,500 ಕೋಟಿ ರೂಪಾಯಿಯವರೆಗೆ. ಭೋಪಾಲದ ನೆನಪು ಹಸಿಯಾಗಿದ್ದ ಸಂಸತ್ತು ಅದಕ್ಕೆ ಒಂದು ಕಲಮು ಸೇರಿಸಿತು: ಉಪಕರಣದಲ್ಲಿ ದೋಷವಿದ್ದರೆ ಪರಿಹಾರ ಕೊಟ್ಟವರು ಪೂರೈಕೆದಾರನಿಂದ ಹಣ ವಸೂಲು ಮಾಡಬಹುದಿತ್ತು. ಅಮೆರಿಕ ಮತ್ತು ಫ್ರಾನ್ಸಿನ ರಿಯಾಕ್ಟರ್‌ಗಳು ಆಂಧ್ರದ ಕೊವ್ವಾಡ, ಮಹಾರಾಷ್ಟ್ರದ ಜೈತಾಪುರಗಳಲ್ಲಿ ಕಾಗದದ ಮೇಲೇ ಉಳಿಯಲು ಇದೇ ಅಡ್ಡಿ ಎಂದು ಹಲವರು ಹೇಳುತ್ತಾ ಬಂದರು. ನಾನು ಇದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಕೊವ್ವಾಡಕ್ಕೆ ರಿಯಾಕ್ಟರ್ ಕೊಡಬೇಕಿದ್ದ ಅಮೆರಿಕದ ವೆಸ್ಟಿಂಗ್‌ಹೌಸ್ 2017ರಲ್ಲಿ ದಿವಾಳಿ ರಕ್ಷಣೆ ಕೋರಿತು. ಜೈತಾಪುರಕ್ಕೆ ಬರಬೇಕಿದ್ದ ಮಾದರಿಯ ಫ್ರೆಂಚ್ ರಿಯಾಕ್ಟರ್ ಫಿನ್ಲೆಂಡಿನಲ್ಲಿ 2005ರಲ್ಲಿ ಶುರುವಾಗಿ 2023ರಲ್ಲಿ ಮುಗಿಯಿತು. ಬೆಲೆಯೇ ಕೈ ಕಚ್ಚುವಂತಿತ್ತು.

2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ, ‘ಶಾಂತಿ’ (SHANTI) ಎಂಬ ಹೆಸರಿನ ಹೊಸ ಅಣುಶಕ್ತಿ ಕಾಯ್ದೆ 1962ರ ಅಣುಶಕ್ತಿ ಕಾಯ್ದೆ ಮತ್ತು 2010ರ ಕಾಯ್ದೆಗಳೆರಡನ್ನೂ ತೆಗೆದುಹಾಕಿ ಖಾಸಗಿಯವರಿಗೆ ಬಾಗಿಲು ತೆರೆದಿದೆ. ನಡೆಸುವವರ ಹೊಣೆಯ ಮಿತಿ ಈಗ ರಿಯಾಕ್ಟರ್‌ನ ಗಾತ್ರಕ್ಕೆ ತಕ್ಕಂತೆ ಬದಲಾಗುತ್ತದೆ. ಉಪಕರಣದ ದೋಷಕ್ಕೆ ಪೂರೈಕೆದಾರನನ್ನು ಹಿಡಿಯುವ ಕಲಮು ಹೋಗಿದ್ದು, ಖರೀದಿಯ ಕರಾರಿನಲ್ಲಿ ಬರೆದಿದ್ದರೆ ಅಥವಾ ಬೇಕೆಂದೇ ಹಾನಿ ಮಾಡಿದ್ದರೆ ಮಾತ್ರ ವಸೂಲಿಗೆ ಅವಕಾಶ. ಹಾಗಾಗಿ ಮುಂದೆ ಸ್ಥಾವರವೊಂದು ಬರುವ ಊರಿನವರು ಮೊದಲು ಓದಲು ಕೇಳಬೇಕಾದದ್ದು ಆ ಕರಾರು ಪತ್ರವನ್ನು.