192ಕ್ಕೆ ಏರಿಸಿದರೆ ಹಾಡಿನ ದನಿ ತೆರೆದುಕೊಳ್ಳುತ್ತದಾ?

ಪ್ರಶ್ನೆ: ನನ್ನ ಹತ್ತಿರ ಸುಮಾರು 300 ಸಿಡಿಗಳಿವೆ. ಹೆಚ್ಚಿನವು ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್ ಅವರ ಹಾಡಿಕೆ. ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಕೊಂಡಿದ್ದೇನೆ. ಈಗ ಗೆಳೆಯರೊಬ್ಬರು ‘ಅಪ್‌ಸ್ಯಾಂಪಲ್ ಮಾಡಿ, 192 ಕಿಲೋಹರ್ಟ್ಸ್, 24 ಬಿಟ್‌ಗೆ ಏರಿಸಿಕೊಳ್ಳಿ, ದನಿ ತೆರೆದುಕೊಳ್ಳುತ್ತದೆ’ ಎನ್ನುತ್ತಿದ್ದಾರೆ. ಎರಡು ಸಿಡಿ ಏರಿಸಿ ಕೇಳಿದೆ. ಚೆನ್ನಾಗಿದೆ ಅನ್ನಿಸಿತು. ಎಲ್ಲವನ್ನೂ ಏರಿಸಲಾ?
– ಓದುಗರೊಬ್ಬರು, ಧಾರವಾಡ

ಉತ್ತರ: ಬೇಡ. ಅಪ್‌ಸ್ಯಾಂಪಲ್ ಅಂದರೆ ಇದ್ದ ದನಿಯ ಅಳತೆಗಳ ಸಂಖ್ಯೆಯನ್ನು ಸಾಫ್ಟ್‌ವೇರ್‌ನಲ್ಲಿ ಹೆಚ್ಚಿಸುವುದು. ಮೊದಲು ಜಾಗದ ಲೆಕ್ಕ ನೋಡಿ. ಸಿಡಿಯ ಹಾಡು ನಿಮಿಷಕ್ಕೆ ಹತ್ತೂವರೆ ಎಂಬಿ ಹಿಡಿಯುತ್ತದೆ. ಒಂದು ಸಿಡಿ 50 ನಿಮಿಷ ಅಂದುಕೊಂಡರೆ, ನಿಮ್ಮ 300 ಸಿಡಿಗೆ ಸುಮಾರು 160 ಜಿಬಿ ಆಯಿತು. ಅದನ್ನೇ 192ಕ್ಕೆ ಏರಿಸಿದರೆ ನಿಮಿಷಕ್ಕೆ 69 ಎಂಬಿ. ಒಟ್ಟು 1 ಟಿಬಿ ದಾಟುತ್ತದೆ. ಇಷ್ಟು ಜಾಗ ಕೊಟ್ಟು ನೀವು ಪಡೆಯುವುದು ಮೊದಲು ಇದ್ದ ಹಾಡನ್ನೇ.

ಯಾಕೆ ಅಂತ ಹೇಳುತ್ತೇನೆ. ಸಿಡಿಯಲ್ಲಿ ದನಿಯನ್ನು ಸೆಕೆಂಡಿಗೆ 44,100 ಸಲ, ಅಂದರೆ 44.1 ಕಿಲೋಹರ್ಟ್ಸ್‌ನಲ್ಲಿ ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ನ ಅಂಕಿಯಾಗಿ ಬರೆದಿಟ್ಟಿರುತ್ತಾರೆ. ಚುಕ್ಕಿ ರಂಗೋಲಿಯ ಚುಕ್ಕಿಗಳ ಹಾಗೆ. ಚುಕ್ಕಿ ಚುಕ್ಕಿ ನಡುವೆ ಖಾಲಿ ಇದೆ, ಅಲ್ಲೇ ಏನೋ ಕಳೆದುಹೋಗಿದೆ ಎಂದು ತುಂಬಾ ಜನ ನಂಬಿದ್ದಾರೆ. ಆದರೆ ರಂಗೋಲಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಅಂಗಳದಲ್ಲಿ ಅದೇ ಚುಕ್ಕಿಗೆ ಹತ್ತು ಬಗೆಯಲ್ಲಿ ಎಳೆ ಎಳೆಯಬಹುದು. ದನಿಯಲ್ಲಿ ಹಾಗಲ್ಲ. ಅಳತೆಯ ವೇಗದ ಅರ್ಧಕ್ಕಿಂತ ಕಡಿಮೆ ಸಲ ಕಂಪಿಸುವ ಸ್ವರಗಳಷ್ಟೇ ಇದ್ದರೆ, ಆ ಚುಕ್ಕಿಗಳ ಮೇಲೆ ಹಾಯುವ ಎಳೆ ಒಂದೇ ಒಂದು. ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ 1949ರಲ್ಲೇ ಇದನ್ನು ಗಣಿತದಲ್ಲಿ ತೋರಿಸಿದ್ದಾರೆ. ಸಿಡಿಯ ಅರ್ಧ ಅಂದರೆ 22,050 ಹರ್ಟ್ಸ್. ಚಿಕ್ಕ ವಯಸ್ಸಿನ ಕಿವಿಗೂ ಸಾಮಾನ್ಯವಾಗಿ 20,000ದ ಆಚೆ ಕೇಳಿಸುವುದಿಲ್ಲ. ನಮ್ಮ ವಯಸ್ಸಿನವರಿಗೆ ಅದಕ್ಕಿಂತ ಎಷ್ಟೋ ಕೆಳಗೇ ನಿಂತುಬಿಡುತ್ತದೆ. ಅಪ್‌ಸ್ಯಾಂಪಲ್ ಮಾಡುವ ಸಾಫ್ಟ್‌ವೇರ್ ಆ ಒಂದೇ ಎಳೆಯ ಮೇಲೆ ಇನ್ನಷ್ಟು ಚುಕ್ಕಿ ಇಡುತ್ತದೆ. ಎಳೆ ಬದಲಾಗುವುದಿಲ್ಲ.

ಇನ್ನೊಂದು ವಿಷಯ. ನೀವು ಏರಿಸದಿದ್ದರೂ ಈ ಕೆಲಸ ಹೇಗೂ ನಡೆಯುತ್ತಿದೆ. ಅಂಕಿಯನ್ನು ದನಿ ಮಾಡುವ ಡ್ಯಾಕ್ ಚಿಪ್ ಇದೆಯಲ್ಲ, ಇವತ್ತಿನ ಹೆಚ್ಚುಕಮ್ಮಿ ಎಲ್ಲ ಡ್ಯಾಕ್‌ಗಳೂ ತಮ್ಮೊಳಗೇ ಅಳತೆಯನ್ನು ಎಂಟು ಪಟ್ಟೋ ಅದಕ್ಕೂ ಜಾಸ್ತಿಯೋ ಏರಿಸಿಕೊಂಡು, ಆಮೇಲೆ ಮೇಲಿನ ಬೇಡದ ಸದ್ದನ್ನು ಸೋಸುತ್ತವೆ. ಇದು ಹೊಸದೂ ಅಲ್ಲ. ಫಿಲಿಪ್ಸ್‌ನ ಮೊದಲ ಸಿಡಿ ಪ್ಲೇಯರ್‌ಗಳಲ್ಲಿ 14 ಬಿಟ್‌ನ ಚಿಪ್ ಇತ್ತು. ಅದರಿಂದ 16 ಬಿಟ್‌ನ ಗುಣ ತೆಗೆಯಲು ಅವರು ನಾಲ್ಕು ಪಟ್ಟು, ಅಂದರೆ 176.4 ಕಿಲೋಹರ್ಟ್ಸ್‌ಗೆ ಏರಿಸುತ್ತಿದ್ದರು. ಸೋಸುವ ಕೆಲಸವೂ ಅದರಿಂದ ಸುಲಭವಾಗುತ್ತಿತ್ತು.

ಹಾಗಿದ್ದರೆ ನಿಮಗೆ ಚೆನ್ನಾಗಿದೆ ಅನ್ನಿಸಿದ್ದು ಸುಳ್ಳಾ? ಖಂಡಿತ ಅಲ್ಲ. ನನಗೂ ಹಾಗೇ ಅನ್ನಿಸಿತ್ತು. ಕೆಲವು ಸಾಫ್ಟ್‌ವೇರ್‌ಗಳು ಏರಿಸುವಾಗ ದನಿಯ ಮಟ್ಟವನ್ನೂ ತುಸು ಬದಲಿಸುತ್ತವೆ. ಒಂದು ಡೆಸಿಬೆಲ್ ಜೋರಾದರೂ ಸಾಕು, ನಮಗೆ ಅದು ಜೋರು ಅನ್ನಿಸುವುದಿಲ್ಲ, ಚೆನ್ನಾಗಿದೆ ಅನ್ನಿಸುತ್ತದೆ. ಹಾಗಾಗಿ ನಾನು ಒಂದು ರಾತ್ರಿ ಪರೀಕ್ಷೆಗೆ ಕೂತೆ. ತಂಬೂರಿಯ ಮೀಟು ಒಂಟಿಯಾಗಿ ಕೇಳುವ, 20 ಸೆಕೆಂಡಿನ ಒಂದು ತುಣುಕು ಆರಿಸಿದೆ. ಅದರ ಜೀವಾರಿಯಲ್ಲಿ, ಅಂದರೆ ಆ ಝೇಂಕಾರದಲ್ಲಿ, ಮೇಲಿನ ಸ್ವರಗಳು ತುಂಬಾ ಇರುತ್ತವೆ. ವ್ಯತ್ಯಾಸ ಇದ್ದರೆ ಅಲ್ಲೇ ಸಿಗಬೇಕು. ಎರಡೂ ಫೈಲಿನ ಮಟ್ಟ ಸಮ ಮಾಡಿದೆ. ಫೂಬಾರ್2000 ಎಂಬ ಪ್ಲೇಯರಿನಲ್ಲಿ ಯಾವುದು ಯಾವುದೆಂದು ಮುಚ್ಚಿಟ್ಟು ಕೇಳಿಸುವ ಸೌಲಭ್ಯವಿದೆ, ಎಬಿಎಕ್ಸ್ ಅಂತ. 16 ಸಲ ಕೇಳಿದೆ. 9 ಸಲ ಸರಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ 8 ಬರುತ್ತಿತ್ತು. ಐದನೇ ಸಲ ‘ಇದೇ, ನಿಸ್ಸಂದೇಹವಾಗಿ ಇದೇ’ ಎಂದು ಒತ್ತಿದ್ದು ನನಗೆ ಚೆನ್ನಾಗಿ ನೆನಪಿದೆ. ಅದು ತಪ್ಪಾಗಿತ್ತು.

ನನ್ನೊಬ್ಬನ ಕಿವಿಯ ಮಾತು ಬೇಡ ಅಂದರೆ ಇದನ್ನು ಕೇಳಿ. 2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬ ಇಬ್ಬರು ಅಮೆರಿಕದಲ್ಲಿ ಒಂದು ಪರೀಕ್ಷೆ ಪ್ರಕಟಿಸಿದರು. ಉನ್ನತ ಅಳತೆಯ ಧ್ವನಿಮುದ್ರಣವನ್ನು ನೇರವಾಗಿ ಒಮ್ಮೆ, ಸಿಡಿ ಮಟ್ಟಕ್ಕೆ ಇಳಿಸಿ ಒಮ್ಮೆ ಕೇಳಿಸಿದರು. 554 ಸಲದಲ್ಲಿ ಸರಿಯಾಗಿ ಗುರುತಿಸಿದ್ದು ಶೇ 49.8. ಆಮೇಲೆ 2016ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೈಸ್ 18 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ಶೇ 52.3 ಬಂತು. ತುಸು ಇದೆ, ತುಂಬಾ ಸಣ್ಣದು. ನೆನಪಿಡಿ, ಇವೆರಡೂ ಉನ್ನತ ಅಳತೆಯ ಧ್ವನಿಮುದ್ರಣ ಎಂದು ಕೊಟ್ಟ ಸಂಗೀತದ ಮಾತು. ನಿಮ್ಮ ಸಿಡಿಯಲ್ಲಿ ಆ ಮೇಲಿನ ಭಾಗವೇ ಇಲ್ಲ.

ನಿಮ್ಮ ಗೆಳೆಯರ ಮಾತು ಸುಮ್ನೆ ಹುಟ್ಟಿದ್ದೂ ಅಲ್ಲ. ಕಂಪ್ಯೂಟರಿನ ದನಿಗಾಗಿ 1997ರಲ್ಲಿ ಇಂಟೆಲ್ ತಂದ ಎಸಿ97 ಎಂಬ ಮಾನದಂಡದಲ್ಲಿ ಮೂಲ ಅಳತೆ 48 ಕಿಲೋಹರ್ಟ್ಸ್. ಆ ಕಾಲದ ಎಷ್ಟೋ ಕಂಪ್ಯೂಟರ್‌ಗಳು ಸಿಡಿಯ 44.1ನ್ನು ಒಳಗೇ 48 ಮಾಡಿ ನುಡಿಸುತ್ತಿದ್ದವು, ಕೆಲವು ಅದನ್ನು ಒರಟಾಗಿ ಮಾಡುತ್ತಿದ್ದವು. ಆಗ ಒಳ್ಳೆಯ ಸಾಫ್ಟ್‌ವೇರ್‌ನಲ್ಲಿ ಮೊದಲೇ 48ಕ್ಕೆ ಏರಿಸಿ ಕೊಟ್ಟರೆ ದನಿ ನಿಜವಾಗಿಯೂ ಸುಧಾರಿಸುತ್ತಿತ್ತು. ಅದು ಕೆಟ್ಟ ಪರಿವರ್ತನೆಯನ್ನು ತಪ್ಪಿಸಿದ್ದರ ಫಲ. ಆ ಅನುಭವವೇ ಬಾಯಿಂದ ಬಾಯಿಗೆ ಬಂದು ಈಗ 192 ಆಗಿರಬೇಕು.

ನಿಮ್ಮ ಕಂಪ್ಯೂಟರಿನಲ್ಲಿ ಸುಧಾರಿಸುವುದು ಬೇರೆ ಇದೆ. ಹೆಡ್‌ಫೋನನ್ನು ಕ್ಯಾಬಿನೆಟ್‌ನ ಮುಂದಿನ ತೂತಿಗೆ ಸಿಕ್ಕಿಸಿ, ಹಾಡು ನಿಲ್ಲಿಸಿ, ವಾಲ್ಯೂಮ್ ಏರಿಸಿ, ಮೌಸ್ ಅಲುಗಾಡಿಸಿ. ‘ಜ್‌ರ್‌ರ್’ ಎಂದು ಸಣ್ಣಗೆ ಕೆರೆದ ಸದ್ದು ಬಂತಾ? ನನ್ನ ಹಳೆಯ ಯಂತ್ರದಲ್ಲಿ ಮೌಸ್ ಓಡಿದಂತೆ ಸದ್ದೂ ಓಡುತ್ತಿತ್ತು. ಒಳಗಿನ ವಿದ್ಯುತ್ ಗದ್ದಲ ಆ ಮುಂದಿನ ತೂತಿಗೆ ಹೋಗುವ ತಂತಿಯನ್ನು ಹಿಡಿದು ಬರುತ್ತದೆ. ಯುಎಸ್‌ಬಿಗೆ ಸಿಕ್ಕಿಸುವ ಒಂದು ಚಿಕ್ಕ ಡ್ಯಾಕ್ ಹಾಕಿದ ದಿನ ಅದು ನಿಂತಿತು. ಆಲಾಪದ ನಡುವೆ ಮನ್ಸೂರರು ಉಸಿರು ತೆಗೆದುಕೊಳ್ಳುವ ಜಾಗ ಅವತ್ತು ನನಗೆ ಮೊದಲ ಸಲ ಸ್ವಚ್ಛವಾಗಿ ಕೇಳಿಸಿತು. ಹೊಸ ಹಾರ್ಡ್ ಡಿಸ್ಕಿನ ಹಣ ಇದಕ್ಕೋ, ಒಳ್ಳೆಯ ಹೆಡ್‌ಫೋನಿಗೋ ಹೋಗಲಿ.

ಪ್ರಶ್ನೆ: ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ 44100, 48000, 96000 ಎಂದೆಲ್ಲ ಇದೆ. ಯಾವುದು ಇಡಲಿ?
– ಓದುಗರೊಬ್ಬರು, ಹಾಸನ

ಉತ್ತರ: ಜಾಸ್ತಿ ಸಿಡಿ ಹಾಡು ಕೇಳುವವರಾದರೆ 44100. ಸಿನಿಮಾ, ವಿಡಿಯೊ ಜಾಸ್ತಿಯಾದರೆ 48000, ಯಾಕೆಂದರೆ ಅವುಗಳ ದನಿ ಸಾಮಾನ್ಯವಾಗಿ ಆ ಅಳತೆಯಲ್ಲೇ ಇರುತ್ತದೆ. ತಪ್ಪಿ ಬೇರೆ ಇಟ್ಟರೂ ಇವತ್ತಿನ ವಿಂಡೋಸ್ ಪರಿವರ್ತನೆಯನ್ನು ಚೆನ್ನಾಗಿಯೇ ಮಾಡುತ್ತದೆ, ಚಿಂತೆ ಬೇಡ.

ಪ್ರಶ್ನೆ: ಅಪ್ಪ ಮುದ್ರಿಸಿಟ್ಟ ಹರಿಕಥೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಬೇಕು. 192ರಲ್ಲಿ ಇಳಿಸಿದರೆ ಮಂಕು ಹೋಗುತ್ತದಾ?
– ಓದುಗರೊಬ್ಬರು, ಸಾಗರ

ಉತ್ತರ: 48 ಕಿಲೋಹರ್ಟ್ಸ್, 24 ಬಿಟ್ ಧಾರಾಳ ಸಾಕು. ಮಂಕು ಹೆಚ್ಚಾಗಿ ಬರುವುದು ಡೆಕ್ಕಿನ ಹೆಡ್‌ನಿಂದ, ಅಂದರೆ ಟೇಪನ್ನು ಓದುವ ಭಾಗದಿಂದ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಹೆಡ್ ಒರೆಸಿ. ಕಂದು ಬಣ್ಣ ಬರುವುದು ನಿಲ್ಲುವ ತನಕ ಒರೆಸಿ. ಹೆಡ್ ಪಕ್ಕದಲ್ಲಿ, ಹೆಚ್ಚಾಗಿ ಸ್ಪ್ರಿಂಗ್ ಇರುವ, ಹೆಡ್‌ನ ಓರೆ ಸರಿಪಡಿಸುವ ಒಂದು ಸಣ್ಣ ಸ್ಕ್ರೂ ಕಾಣುತ್ತದೆ. ಅಪ್ಪನ ಕ್ಯಾಸೆಟ್ ಓಡುತ್ತಿರುವಾಗಲೇ ಅದನ್ನು ಕೂದಲೆಳೆಯಷ್ಟು ಆ ಕಡೆ ಈ ಕಡೆ ತಿರುಗಿಸಿ. ತಾಳದ ಕಿಣಿಕಿಣಿ ಎಲ್ಲಿ ಅತಿ ಚೂಪಾಗಿ ಕೇಳುತ್ತದೋ ಅಲ್ಲಿ ಬಿಡಿ, ಆಮೇಲೆ ರೆಕಾರ್ಡ್ ಒತ್ತಿ. ಬೇರೆ ಡೆಕ್ಕಿನಲ್ಲಿ ಮುದ್ರಿಸಿದ ಕ್ಯಾಸೆಟ್ ಬಂದಾಗ ಮತ್ತೆ ತಿರುಗಿಸಬೇಕಾಗುತ್ತದೆ.