ಪೊಟ್ಟಣದಲ್ಲಿ ಇರುವುದನ್ನೇ ಬರೆಯಿರಿ

ಪ್ರಶ್ನೆ: ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರಿನ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಆರು ವರ್ಷದಿಂದ ನಾವೇ ಕಾಫಿ ಹುರಿದು, ಪುಡಿ ಮಾಡಿ, ಚಿಕ್ಕಮಗಳೂರು ಅನ್ನುವ ಪದ ಇರುವ ನಮ್ಮದೇ ಹೆಸರಿನಲ್ಲಿ ಮಾರುತ್ತಿದ್ದೇವೆ. ಕಳೆದ ವರ್ಷದಿಂದ ಜೇನುತುಪ್ಪ, ಕಾಳುಮೆಣಸನ್ನೂ ಅದೇ ಹೆಸರಿನಲ್ಲಿ ಕೊಡುತ್ತಿದ್ದೇವೆ. ಮುಂದೆ ಹೋಂಸ್ಟೇ ಮಾಡುವ ಯೋಚನೆಯೂ ಇದೆ. ಟ್ರೇಡ್‌ಮಾರ್ಕ್ ಅರ್ಜಿ ತುಂಬಿಕೊಟ್ಟವರು ವಸ್ತುಗಳ ಜಾಗದಲ್ಲಿ ಕಾಫಿ, ಟೀ, ಸಕ್ಕರೆ, ಅಕ್ಕಿ, ನೂಡಲ್ಸ್, ಜೇನು, ಮಸಾಲೆ ಎಲ್ಲ ಬರೆದು, ಕೊನೆಗೆ 'ಕ್ಲಾಸ್ 30ರ ಎಲ್ಲ ವಸ್ತುಗಳು' ಅಂತ ಸೇರಿಸಿದ್ದಾರೆ. ಜಾಸ್ತಿ ಬರೆದಷ್ಟೂ ಜಾಸ್ತಿ ರಕ್ಷಣೆ ಅಂದರು. ಆರು ವರ್ಷದಿಂದ ಬಳಸುತ್ತಿದ್ದೇವೆ ಅಂತ ಅಫಿಡವಿಟ್ ಕೂಡ ಹೋಗಿದೆ. ಈಗ ಟ್ರೇಡ್‌ಮಾರ್ಕ್ ಕಚೇರಿಯಿಂದ ಅರ್ಜಿಯ ಪರೀಕ್ಷಾ ವರದಿ ಬಂದಿದೆ. ನೂಡಲ್ಸ್ ಮಾಡುವವರ ಹೆಸರೊಂದು ನಮ್ಮದಕ್ಕೆ ಹತ್ತಿರ ಇದೆಯಂತೆ. ನಾವು ನೂಡಲ್ಸ್ ಮಾಡುವವರೇ ಅಲ್ಲ. ಏನು ಮಾಡಬೇಕು?

ಉತ್ತರ: ಮೊದಲು ವರದಿ ನಿಮ್ಮ ಕೈಗೆ ಬಂದ ದಿನಾಂಕ ನೋಡಿಕೊಳ್ಳಿ. ಅಲ್ಲಿಂದ 30 ದಿನದೊಳಗೆ ಉತ್ತರ ಕೊಡಬೇಕು. ಆ ಗಡುವು ದಾಟಿದರೆ ಅರ್ಜಿ ಕೈಬಿಟ್ಟಿದ್ದೀರಿ ಅಂತ ತೀರ್ಮಾನವಾಗಬಹುದು. ಉಳಿದದ್ದನ್ನೆಲ್ಲ ಆಮೇಲೆ ಸರಿ ಮಾಡಬಹುದು, ಇದೊಂದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ.

ಇನ್ನು ವಿಷಯಕ್ಕೆ ಬರೋಣ. ಟ್ರೇಡ್‌ಮಾರ್ಕ್ ಅಂದರೆ ಹೆಸರಿನ ಮೇಲಿನ ಹಕ್ಕು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಅದು ಅರ್ಧ ಮಾತ್ರ ನಿಜ. ಹಕ್ಕು ಸಿಗುವುದು ಇಂಥ ವಸ್ತುವಿನ ಮೇಲಿರುವ ಈ ಹೆಸರಿಗೆ. 1999ರ ಟ್ರೇಡ್‌ಮಾರ್ಕ್ ಕಾಯ್ದೆ ಹೇಳುವುದೂ ಅದನ್ನೇ. ನೋಂದಣಿಯಾದ ವಸ್ತುವಿಗೆ, ಜೊತೆಗೆ ಜನ ಗೊಂದಲ ಮಾಡಿಕೊಳ್ಳುವಷ್ಟು ಅದನ್ನು ಹೋಲುವ ವಸ್ತುವಿಗೆ ರಕ್ಷಣೆ ಇರುತ್ತದೆ. ಹಾಗಾಗಿ ಅರ್ಜಿಯಲ್ಲಿ ಹೆಸರಿನಷ್ಟೇ ಮುಖ್ಯವಾದದ್ದು ವಸ್ತುಗಳ ಆ ಒಂದೆರಡು ಸಾಲು. ಜನ ಲೋಗೋದ ಬಣ್ಣಕ್ಕೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಈ ಸಾಲನ್ನು ಮಾತ್ರ ಬೇರೆ ಯಾರದೋ ಅರ್ಜಿಯಿಂದ ನಕಲು ಮಾಡಿಬಿಡುತ್ತಾರೆ. ಇದನ್ನು ನೋಡಿದಾಗಲೆಲ್ಲ ನನಗೆ ಬೇಜಾರಾಗುತ್ತದೆ.

ಕ್ಲಾಸ್ ಅನ್ನುವುದು ಒಂದು ವಿಂಗಡಣೆ, ಅಷ್ಟೇ. ವಸ್ತು, ಸೇವೆಗಳನ್ನು ವಿಂಗಡಿಸುವ ಅಂತರರಾಷ್ಟ್ರೀಯ ಪಟ್ಟಿಯಾದ ನೀಸ್ ವರ್ಗೀಕರಣದಲ್ಲಿ ಒಟ್ಟು 45 ಕ್ಲಾಸ್‌ಗಳಿವೆ. 1ರಿಂದ 34 ವಸ್ತುಗಳಿಗೆ, 35ರಿಂದ 45 ಸೇವೆಗಳಿಗೆ. ಕಾಫಿ, ಉಪ್ಪು, ಐಸ್‌ಕ್ರೀಮ್, ನೂಡಲ್ಸ್ ಎಲ್ಲ 30ರಲ್ಲೇ ಇವೆ. ಒಂದೇ ಕ್ಲಾಸಿನಲ್ಲಿವೆ ಅಂದಮಾತ್ರಕ್ಕೆ ಅವೆಲ್ಲ ಒಂದೇ ತರದ ವಸ್ತುಗಳಲ್ಲ. ಆದರೆ ನೀವೇ ನೂಡಲ್ಸ್ ಕೇಳಿದ್ದೀರಿ. ಆಗ ಪರೀಕ್ಷಕರು ನೂಡಲ್ಸ್‌ನವರ ಹೆಸರಿನ ಜೊತೆ ನಿಮ್ಮ ಹೆಸರನ್ನು ಹೋಲಿಸಿ ನೋಡಲೇಬೇಕು. ಈ ಆಕ್ಷೇಪಣೆ ಎಲ್ಲಿಂದಲೋ ಬಂದದ್ದಲ್ಲ, ನಿಮ್ಮ ಅರ್ಜಿಯೇ ಅದನ್ನು ಕರೆದುಕೊಂಡು ಬಂದಿದೆ.

ಕನ್ನಡಿಗರಿಗೆಲ್ಲ ಗೊತ್ತಿರುವ ಹೆಸರಿನ ಒಂದು ಪ್ರಕರಣ ಇಲ್ಲಿ ನೆನಪಾಗುತ್ತದೆ. ಕರ್ನಾಟಕ ಹಾಲು ಮಹಾಮಂಡಳದ ನಂದಿನಿ ಹೆಸರು 1985ರಿಂದ ಬಳಕೆಯಲ್ಲಿದೆ. 1989ರಿಂದ ನಂದಿನಿ ಡೀಲಕ್ಸ್ ಅನ್ನುವ ಹೋಟೆಲಿನವರು ಆ ಹೆಸರು ಬಳಸುತ್ತಿದ್ದರು. ತಮ್ಮ ಆಹಾರ ಪದಾರ್ಥಗಳಿಗೆ ಹೆಸರು ನೋಂದಾಯಿಸಲು ಅವರು ಹೋದಾಗ ಮಹಾಮಂಡಳ ವಿರೋಧಿಸಿತು. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನ ಪರ ತೀರ್ಪು ಕೊಟ್ಟಿತು. ಆದರೆ ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ಅವರಿಗೆ ನೋಂದಣಿ ಇಲ್ಲ ಅಂತ ಗೆರೆ ಎಳೆಯಿತು. ಕ್ಲಾಸ್ ಒಂದೇ ಆದರೂ ವಸ್ತು ಬೇರೆ ಅನ್ನುವುದೇ ಅಲ್ಲಿ ಮುಖ್ಯವಾಯಿತು. ಇಷ್ಟು ವರ್ಷಗಳ ವ್ಯಾಜ್ಯ ಕೊನೆಗೆ ಬಂದು ನಿಂತದ್ದು ವಸ್ತುಗಳ ಪಟ್ಟಿಯ ಮೇಲೆ, ನೋಡಿ.

ಅದಕ್ಕೂ ಮೊದಲು, 1996ರಲ್ಲಿ, ಚಾರ್‌ಮಿನಾರ್ ಸಿಗರೇಟಿನ ಪ್ರಕರಣ ಬಂದಿತ್ತು. ಕಂಪನಿ 'ತಯಾರಿಸಿದ ತಂಬಾಕು' ಅಂತ ಅಗಲವಾಗಿ ನೋಂದಣಿ ಪಡೆದಿತ್ತು. ಮಾಡುತ್ತಿದ್ದದ್ದು ಸಿಗರೇಟು ಮಾತ್ರ. ಜರ್ದಾ ಮಾರುವ ವ್ಯಾಪಾರಿ ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ ಆ ನೋಂದಣಿಯನ್ನು ಸಿಗರೇಟಿಗೆ ಸೀಮಿತ ಮಾಡುವುದನ್ನೇ ಸರಿ ಅಂದಿತು. ಬಳಸದೆ ಸುಮ್ನೆ ಹಿಡಿದಿಟ್ಟುಕೊಂಡದ್ದು ಉಳಿಯುವುದಿಲ್ಲ. ಕಾಯ್ದೆಯ 47ನೇ ಸೆಕ್ಷನ್ ಪ್ರಕಾರವೂ ಅಷ್ಟೇ. ನೋಂದಣಿಯಾದ ಮೇಲೆ ಐದು ವರ್ಷಕ್ಕಿಂತ ಜಾಸ್ತಿ ಕಾಲ ಬಳಸದ ವಸ್ತುವನ್ನು ತೆಗೆಸಲು ಇನ್ನೊಬ್ಬರು ಅರ್ಜಿ ಹಾಕಬಹುದು.

ಈಗ ನಿಮ್ಮ ಪೊಟ್ಟಣ ಕೈಗೆ ತೆಗೆದುಕೊಳ್ಳಿ. ನನ್ನ ಬಳಿ ಬರುವವರಿಗೆ ನಾನು ಹೇಳುವ ಮೊದಲ ಕೆಲಸವೇ ಇದು. ಮಾರುವ ಒಂದೊಂದು ಪೊಟ್ಟಣವನ್ನೂ ಮೇಜಿನ ಮೇಲೆ ಸಾಲಾಗಿ ಇಡಿ ಅನ್ನುತ್ತೇನೆ. ಹಿಂಭಾಗ ತಿರುಗಿಸಿ ಏನಿದೆ ಅಂತ ಓದಿ. ಹುರಿದ ಬೀಜ ಒಂದು. ಶುದ್ಧ ಕಾಫಿ ಪುಡಿ ಇನ್ನೊಂದು. ಮೂರನೆಯದರ ಮೇಲೆ 'ಕಾಫಿ 80, ಚಿಕೋರಿ 20' ಅಂತ ಇರಬಹುದು. ಅದು ಆಹಾರ ಕಾನೂನಿನ ಕಣ್ಣಿಗೆ ಕಾಫಿ ಅಲ್ಲ, ಕಾಫಿ ಮತ್ತು ಚಿಕೋರಿ ಮಿಶ್ರಣ. ಟ್ರೇಡ್‌ಮಾರ್ಕ್ ಅರ್ಜಿಯಲ್ಲೂ ಅದಕ್ಕೆ ಅದರದೇ ಸಾಲು ಕೊಡುವುದು ಒಳ್ಳೆಯದು. ಅರ್ಜಿ ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಇರಬೇಕು. ಹಾಗಾಗಿ ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: 'ಕಾಫಿ; ರೋಸ್ಟೆಡ್ ಕಾಫಿ ಬೀನ್ಸ್; ಗ್ರೌಂಡ್ ಕಾಫಿ; ಮಿಕ್ಸ್‌ಚರ್ಸ್ ಆಫ್ ಕಾಫಿ ಅಂಡ್ ಚಿಕೋರಿ'. ಒಂದು ವಸ್ತುವಿಗೂ ಇನ್ನೊಂದಕ್ಕೂ ನಡುವೆ ಸೆಮಿಕೋಲನ್ ಹಾಕಿ. ಆಗ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಅಂತ ಓದುವವರಿಗೆ ಗೊಂದಲ ಇರುವುದಿಲ್ಲ.

'ಇತ್ಯಾದಿ', 'ಮುಂತಾದವು', 'ಸಂಬಂಧಪಟ್ಟ ಎಲ್ಲ ಉತ್ಪನ್ನಗಳು' ಇವು ಮೂರೂ ಬೇಡ. ಇತ್ಯಾದಿ ಅಂದರೆ ಏನು ಅಂತ ಕೇಳಿದರೆ ಬರೆದವರಿಗೂ ಗೊತ್ತಿರುವುದಿಲ್ಲ. 'ಅತ್ಯುತ್ತಮ', 'ಅಪ್ಪಟ ಮಲೆನಾಡಿನ' ಅಂತ ಹೊಗಳಿಕೆಯೂ ಬೇಡ. ಅದಕ್ಕೆ ಪೊಟ್ಟಣದ ಮುಂಭಾಗ ಇದೆ.

ಹಾಗಂತ ತೀರಾ ಬಿಗಿ ಮಾಡಿಕೊಳ್ಳಲೂಬೇಡಿ. ಕೆಲವರು 'ಅರೇಬಿಕಾ ಪೀಬೆರಿ ಕಾಫಿ ಪುಡಿ, 250 ಗ್ರಾಂ' ಅಂತ ಬರೆಯುತ್ತಾರೆ. ನಾಳೆ ರೋಬಸ್ಟಾ ಬೆರೆಸಿದರೆ? ಬರೀ ಬೀಜ ಮಾರಿದರೆ? ತೂಕ, ತಳಿ, ಗ್ರೇಡ್ ಇವೆಲ್ಲ ಬದಲಾಗುವಂಥವು. 'ಕಾಫಿ' ಅನ್ನುವ ಪದ ನೀಸ್ ಪಟ್ಟಿಯಲ್ಲೇ ಇದೆ, ಸ್ಪಷ್ಟವಾಗಿಯೂ ಇದೆ. ಅಂಗಡಿಯವರು ಕೇಳಿದರೆ ನೀವು ಏನು ಅಂತ ಹೇಳುತ್ತೀರೋ ಆ ಮಟ್ಟದಲ್ಲಿ ಬರೆದರೆ ಸಾಕು.

ನಿಮ್ಮ ಅರ್ಜಿಗೆ ನನ್ನ ಸಲಹೆ ಇಷ್ಟು. ಉತ್ತರದ ಜೊತೆಗೆ ಅರ್ಜಿಯಲ್ಲಿ ತಿದ್ದುಪಡಿ ಕೇಳುವ ಫಾರ್ಮ್ ಟಿಎಂ-ಎಂ ಹಾಕಿ, ಪಟ್ಟಿಯನ್ನು ಕಾಫಿಗೆ ಸಂಬಂಧಿಸಿದ ಸಾಲುಗಳಿಗೆ ಇಳಿಸಿ. ಟೀ, ಅಕ್ಕಿ, ನೂಡಲ್ಸ್, ಆ ಕೊನೆಯ 'ಎಲ್ಲ ವಸ್ತುಗಳು' ಎಲ್ಲ ತೆಗೆಯಿರಿ. ಹೀಗೆ ಮಾಡಿದರೆ ಆಕ್ಷೇಪಣೆಗೆ ಗಟ್ಟಿಯಾದ ಉತ್ತರ ಸಿಗುತ್ತದೆ. ಕಾಫಿ, ನೂಡಲ್ಸ್ ಎರಡೂ ತಿನ್ನುವ ಕುಡಿಯುವ ಪದಾರ್ಥವೇ ಅಲ್ವಾ ಅಂತ ಪರೀಕ್ಷಕರು ಮತ್ತೆ ಕೇಳಬಹುದು, ವಿಚಾರಣೆಗೂ ಕರೆಯಬಹುದು. ಆಗ ಆರು ವರ್ಷದ ಬಿಲ್ಲು, ಹಳೆಯ ಪೊಟ್ಟಣ, ಜಾಹೀರಾತು ಎಲ್ಲ ಕೆಲಸಕ್ಕೆ ಬರುತ್ತವೆ.

ಜೇನು ಮತ್ತು ಮೆಣಸಿನ ವಿಷಯ ಸ್ವಲ್ಪ ಸೂಕ್ಷ್ಮ. ಎರಡೂ ಕ್ಲಾಸ್ 30ರಲ್ಲೇ ಬರುತ್ತವೆ, ನಿಮ್ಮ ಮೊದಲ ಪಟ್ಟಿಯಲ್ಲೂ ಇದ್ದವು. ಉಳಿಸಿಕೊಳ್ಳೋಣ ಅನಿಸುತ್ತದೆ. ಆದರೆ ನಿಮ್ಮ ಅಫಿಡವಿಟ್ ಆರು ವರ್ಷದ ಬಳಕೆ ಅನ್ನುತ್ತಿದೆ. ಜೇನು ಶುರುವಾದದ್ದು ಕಳೆದ ವರ್ಷ. ಪಟ್ಟಿಯಲ್ಲಿ ಅದು ಉಳಿದರೆ ಅಫಿಡವಿಟ್ ಅಷ್ಟರಮಟ್ಟಿಗೆ ಸುಳ್ಳಾಗುತ್ತದೆ. ಮುಂದೆ ಯಾರಾದರೂ ವಿರೋಧಿಸಿದರೆ ಮೊದಲು ಕೈ ಇಡುವುದು ಅಲ್ಲೇ. ಅದರಿಂದ ಕಾಫಿಯ ನಿಜವಾದ ಆರು ವರ್ಷಕ್ಕೂ ಕಳಂಕ ಬರುತ್ತದೆ. ಜೇನು, ಮೆಣಸಿಗೆ ಬೇರೆ ಅರ್ಜಿ ಹಾಕಿ, ಅವುಗಳ ನಿಜವಾದ ದಿನಾಂಕ ಕೊಡಿ. ವ್ಯಕ್ತಿಗಳು ಮತ್ತು ಸಣ್ಣ ಉದ್ಯಮಗಳಿಗೆ ಆನ್‌ಲೈನ್ ಅರ್ಜಿಗೆ ಒಂದು ಕ್ಲಾಸಿಗೆ 4,500 ರೂಪಾಯಿ. ಖರ್ಚು ಹೌದು. ಆದರೆ ನಾನು ಇದನ್ನೇ ಮಾಡುತ್ತೇನೆ.

ತೆಗೆಯುವ ಮುನ್ನ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಪಟ್ಟಿಯನ್ನು ಕಡಿಮೆ ಮಾಡಲು ಬಿಡುತ್ತಾರೆ, ಅರ್ಜಿಯಲ್ಲಿ ಇಲ್ಲದ ಹೊಸ ವಸ್ತು ಸೇರಿಸಲು ಬಿಡುವುದಿಲ್ಲ. 2017ರ ಟ್ರೇಡ್‌ಮಾರ್ಕ್ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ. ಬೇಲೂರು ಕಡೆಯ ಒಬ್ಬರು ಹೆಣ್ಣುಮಗಳು ಹಿಂದೆ ನನ್ನ ಬಳಿ ಬಂದಿದ್ದರು. ಕಾಫಿ ಪುಡಿಗೆ ಅಂತ ಅರ್ಜಿ ಹಾಕಿದ್ದರು. ಎರಡು ವರ್ಷ ಆದ ಮೇಲೆ ಅವರ ಅಪ್ಪೆಮಿಡಿ ಉಪ್ಪಿನಕಾಯಿ ಕಾಫಿಗಿಂತ ಚೆನ್ನಾಗಿ ಓಡಲು ಶುರುವಾಯಿತು. ಹಳೆಯ ಅರ್ಜಿಗೇ ಸೇರಿಸಿಬಿಡಿ ಸಾರ್ ಅಂದರು. ಆಗುವುದಿಲ್ಲ, ಉಪ್ಪಿನಕಾಯಿ ಕ್ಲಾಸ್ 29, ಹೊಸ ಅರ್ಜಿಯೇ ಬೇಕು ಅಂದೆ. ಹುಡುಕಿ ನೋಡಿದರೆ ಅದೇ ತರದ ಹೆಸರಿಗೆ 29ರಲ್ಲಿ ಬೇರೊಬ್ಬರು ಎಂಟು ತಿಂಗಳ ಹಿಂದೆಯೇ ಅರ್ಜಿ ಹಾಕಿದ್ದರು. ಮೊದಲಿಂದ ಬಳಸಿದ ಪುರಾವೆ ಇದ್ದದ್ದರಿಂದ ದಾರಿ ಸಿಕ್ಕಿತು. ಆದರೆ ಆ ಹೊತ್ತಿನ ಅವರ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಹೋಂಸ್ಟೇ ಕ್ಲಾಸ್ 43. ತಂಗಲು ಕೊಡುವುದು ಒಂದು ಸಾಲು, ಊಟ ತಿಂಡಿ ಒದಗಿಸುವುದು ಇನ್ನೊಂದು ಸಾಲು. ಪೊಟ್ಟಣದಲ್ಲಿ ಹೋದರೆ ಕಾಫಿ 30, ಲೋಟದಲ್ಲಿ ಅತಿಥಿಗೆ ಕೊಟ್ಟರೆ ಅದು 43ರ ಸೇವೆ. ನಿಜವಾಗಿ ಶುರು ಮಾಡುವ ಉದ್ದೇಶ ಇದ್ದರೆ 'ಬಳಸಲು ಉದ್ದೇಶಿಸಿದೆ' ಅಂತ ಈಗಲೇ ಅರ್ಜಿ ಹಾಕಬಹುದು. ಬೋರ್ಡ್ ಹಾಕಿ ಜನ ಬಂದ ಮೇಲೆ ಹೆಸರು ಬದಲಾಯಿಸುವುದು ತುಂಬಾ ಕಷ್ಟ.

ನಿಮ್ಮ ಹೆಸರಿನಲ್ಲಿ ಚಿಕ್ಕಮಗಳೂರು ಅನ್ನುವ ಪದವೂ ಇದೆ. ಆ ಭಾಗದ ಮೇಲೆ ನಿಮಗೊಬ್ಬರಿಗೇ ಹಕ್ಕು ಸಿಗುವುದಿಲ್ಲ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಎರಡಕ್ಕೂ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಬಂದಿದೆ. ಅದು ಈ ಸೀಮೆಯ ಎಲ್ಲ ಬೆಳೆಗಾರರ ಸೊತ್ತು. ಜಿಐ ಬಳಕೆದಾರರಾಗಿ ನೋಂದಣಿ ಮಾಡಿಸಿಕೊಳ್ಳುವುದು ಬೇರೆಯೇ ದಾರಿ.

ಪ್ರಶ್ನೆ: ನಮ್ಮದು ಹಾಸನ. ಆಲೂಗಡ್ಡೆ ಬೆಳೆಯುತ್ತೇವೆ. ತೊಳೆದು ವಿಂಗಡಿಸಿ ಚೀಲದಲ್ಲಿ ಹೆಸರು ಹಾಕಿ ಮಾರುವುದರ ಜೊತೆಗೆ ಚಿಪ್ಸ್ ಕೂಡ ಮಾಡಬೇಕೆಂದಿದ್ದೇವೆ. ಎಲ್ಲಾ ಆಲೂಗಡ್ಡೆಯೇ ಆದ್ದರಿಂದ ಒಂದು ಕ್ಲಾಸ್ ಸಾಕಲ್ಲವೇ? ಹೆಸರು ಕನ್ನಡ ಅಕ್ಷರದಲ್ಲೇ ಇರಲಿ ಅನ್ನುವ ಆಸೆ.

ಉತ್ತರ: ಸಾಕಾಗುವುದಿಲ್ಲ. ಹೊಲದಿಂದ ಬಂದ ತಾಜಾ ಆಲೂಗಡ್ಡೆ ಕ್ಲಾಸ್ 31. ಅದನ್ನೇ ಹೆಚ್ಚಿ ಎಣ್ಣೆಗೆ ಬಿಟ್ಟರೆ, ಅಂದರೆ ಚಿಪ್ಸ್ ಆದರೆ, 29. ಒಣಗಿಸಿ ಹಿಟ್ಟು ಮಾಡಿದರೆ 30. ಗಡ್ಡೆ ಒಂದೇ, ಏನು ಮಾಡಿದಿರಿ ಅನ್ನುವುದರ ಮೇಲೆ ಕ್ಲಾಸ್ ಬದಲಾಗುತ್ತದೆ. ಹಾಗಾಗಿ ಬರೀ 'ಪೊಟ್ಯಾಟೊ' ಅಂತ ಬರೆದರೆ ಅರ್ಥವಾಗುವುದಿಲ್ಲ. 31ರಲ್ಲಿ 'ಫ್ರೆಶ್ ಪೊಟ್ಯಾಟೋಸ್', 29ರಲ್ಲಿ 'ಪೊಟ್ಯಾಟೊ ಚಿಪ್ಸ್' ಅಂತ ಬರೆಯಿರಿ. ಒಂದೇ ಅರ್ಜಿಯಲ್ಲಿ ಎರಡೂ ಕ್ಲಾಸ್ ಕೇಳಬಹುದು, ಶುಲ್ಕ ಮಾತ್ರ ಎರಡರದ್ದು. ಆದರೆ ಚಿಪ್ಸ್ ಇನ್ನೂ ಶುರುವಾಗಿಲ್ಲ ಅಂದಿರಿ. ಎರಡನ್ನೂ ಬೇರೆ ಬೇರೆ ಅರ್ಜಿ ಮಾಡಿದರೆ ಒಂದರ ಆಕ್ಷೇಪಣೆ ಇನ್ನೊಂದನ್ನು ತಡೆಹಿಡಿಯುವುದಿಲ್ಲ.

ಯಾವ ವಸ್ತು ಯಾವ ಕ್ಲಾಸ್ ಅಂತ ಅನುಮಾನ ಬಂದರೆ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟಿನಲ್ಲಿ ಹುಡುಕುವ ವ್ಯವಸ್ಥೆ ಇದೆ, ದುಡ್ಡು ಕೊಡಬೇಕಿಲ್ಲ. ನಮ್ಮ ರಾಜ್ಯದ ಅರ್ಜಿಗಳು ಹೋಗುವುದು ಚೆನ್ನೈ ಕಚೇರಿಗೆ, ಆದರೆ ಹಾಸನದಲ್ಲೇ ಕೂತು ಎಲ್ಲ ಮಾಡಬಹುದು.

ಹೆಸರು ಕನ್ನಡ ಅಕ್ಷರದಲ್ಲಿ ಧಾರಾಳವಾಗಿ ಇರಲಿ. ಅದರ ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಅರ್ಥವನ್ನೂ ಕೊಡಬೇಕು. ಅರ್ಥ ಬರೆಯುವಾಗ ಒಂದು ಎಚ್ಚರ. ಹೆಸರಿನ ಅರ್ಥವೇ 'ಒಳ್ಳೆಯ ಗೆಡ್ಡೆ' ಅಥವಾ 'ಗರಿಗರಿ ಚಿಪ್ಸ್' ಅಂತಿದ್ದರೆ ಅದು ವಸ್ತುವಿನ ವರ್ಣನೆ ಆಯಿತು ಅಂತ 9ನೇ ಸೆಕ್ಷನ್ ಕೆಳಗೆ ಆಕ್ಷೇಪಣೆ ಬರುತ್ತದೆ. ವರ್ಣನೆ ವಸ್ತುಗಳ ಸಾಲಿನಲ್ಲಿ ಇರಲಿ, ಹೆಸರಿನಲ್ಲಿ ಬೇಡ. ಹೆಸರು ಇನ್ನೂ ಗಟ್ಟಿ ಮಾಡಿಲ್ಲದಿದ್ದರೆ ಚೀಲ ಅಚ್ಚು ಹಾಕಿಸುವ ಮೊದಲೇ 29 ಮತ್ತು 31 ಎರಡರಲ್ಲೂ ಹುಡುಕಿ ನೋಡಿ.